ಗುಜರಿಯಿಂದ ತಂದ ನೀಲಿ ಡ್ರಮ್ಮಿನಲ್ಲಿ ಹಾಕಿದ ಉಪ್ಪುಸೊಳೆಗೆ ಪೈಂಟಿನ ವಾಸನೆ: ತಿನ್ನಬಹುದೇ?

ನೀರ್ಚಾಲಿನ ಅಕ್ಕ

ಎಲ್ಲರಿಗೂ ನಮಸ್ಕಾರ. ಈ ವರ್ಷ ನಮ್ಮ ತೋಟದಲ್ಲಿ ಹಲಸು ವಿಪರೀತ ಬಂದಿತ್ತು. ಪ್ರತಿ ಸಲ ಎರಡು ಭರಣಿ ಉಪ್ಪುಸೊಳೆ (ಕೆಡದಂತೆ ಉಪ್ಪಿನಲ್ಲಿ ಇಡುವ ಹಲಸಿನಕಾಯಿಯ ಸೊಳೆ) ಹಾಕಿಡುವುದು ನಮ್ಮ ರೂಢಿ. ಈ ಸಲ ಭರಣಿ ಸಾಲಲಿಕ್ಕಿಲ್ಲ ಎಂದು ಮನೆಯವರು ಗುಜರಿ ಅಂಗಡಿಯಿಂದ 50 ಲೀಟರಿನ ನೀಲಿ ಡ್ರಮ್ ಒಂದನ್ನು ತಂದರು. ಗಟ್ಟಿ ಡ್ರಮ್, ಮುಚ್ಚಳವೂ ಸರಿಯಾಗಿತ್ತು. ಸಾಬೂನು ಹಾಕಿ ತಿಕ್ಕಿ, ಹುಣಸೆಹುಳಿ ನೀರು ತುಂಬಿಸಿ ಒಂದು ರಾತ್ರಿ ಇಟ್ಟು, ಮತ್ತೆ ತೊಳೆದು ಮೂರು ದಿನ ಬಿಸಿಲಿಗೆ ಕವುಚಿ ಹಾಕಿದ್ದೆ. ಸೊಳೆ ತುಂಬುವಾಗ ಮೂಗಿಟ್ಟು ನೋಡಿದ್ದೇನೆ, ಏನೂ ವಾಸನೆ ಇರಲಿಲ್ಲ.

ಮೇ ತಿಂಗಳ ಕೊನೆಗೆ ಹಾಕಿದ್ದು. ಆಟಿಯಲ್ಲಿ (ಜುಲೈ-ಆಗಸ್ಟ್) ತೆರೆದು ನೋಡಿದರೆ ಸೊಳೆ ಹಾಳಾಗಿಲ್ಲ. ಲೋಳೆಯಿಲ್ಲ, ಬೂಸು ಬಂದಿಲ್ಲ, ಬಣ್ಣವೂ ಹಾಗೇ ಇದೆ. ಆದರೆ ಹತ್ತಿರ ಹಿಡಿದರೆ ಪೈಂಟು ಬಳಿದ ಬಾಗಿಲಿನ ಹಾಗೆ ಒಂದು ವಾಸನೆ. ಮೂರು ನೀರು ಬದಲಿಸಿ ಉಪ್ಪು ಬಿಡಿಸಿ ಪಲ್ಯ ಮಾಡಿದೆ. ತೆಂಗಿನೆಣ್ಣೆಯ ಒಗ್ಗರಣೆಗೆ ಬಿದ್ದ ಮೇಲೆ ವಾಸನೆ ಇನ್ನಷ್ಟು ಎದ್ದಿತು. ಅತ್ತೆ ಒಂದು ತುತ್ತು ಬಾಯಿಗಿಟ್ಟವರು ಉಗುಳಿ, "ಎಲ್ಲ ಬಿಸಾಡು" ಎಂದರು. ಮಾವನವರದ್ದು "ಚೆನ್ನಾಗಿ ಬೇಯಿಸಿದರೆ ಹೋಗುತ್ತದೆ" ಎಂಬ ವಾದ. ಇಪ್ಪತ್ತೆರಡು ಹಲಸಿನಕಾಯಿಯ ಕೆಲಸ ಅದು. ನಾನೂ ಅತ್ತೆಯೂ ನಾಲ್ಕು ದಿನ ಮೇಣ ಹಿಡಿದ ಕೈಯಲ್ಲಿ ಕುಳಿತಿದ್ದೇವೆ. ಬಿಸಾಡಲು ಮನಸ್ಸು ಬರುವುದಿಲ್ಲ, ಮಕ್ಕಳಿಗೆ ಬಡಿಸಲು ಧೈರ್ಯವೂ ಇಲ್ಲ. ಗೊತ್ತಿದ್ದವರು ಹೇಳಿ.

ಪೆರ್ಲದ ಅಡಿಗೆಯವ

ಅಕ್ಕ, ನಿಮ್ಮ ಅತ್ತೆಯವರು ಹೇಳಿದ್ದೇ ಸರಿ. ಒಗ್ಗರಣೆಗೆ ಬಿದ್ದ ಮೇಲೂ ಹೋಗದ ವಾಸನೆ ಬೇಯಿಸಿದರೆ ಹೋಗುವುದಿಲ್ಲ. ಮೂವತ್ತು ವರ್ಷ ಜಂಬಾರದ (ಮದುವೆ, ಉಪನಯನದಂಥ ಸಮಾರಂಭದ) ಅಡಿಗೆ ಮಾಡಿದ ಅನುಭವದಿಂದ ಹೇಳುತ್ತಿದ್ದೇನೆ. ಕಾರಣ ಏನೆಂದು ನನಗೆ ತಿಳಿಯದು, ಮಾಷ್ಟ್ರು ಯಾರಾದರೂ ಹೇಳಲಿ.

ಬೈಕಂಪಾಡಿಯಲ್ಲಿ ದುಡಿದವ

ಅಕ್ಕ, ನಾನು ಬೈಕಂಪಾಡಿಯ ಕಡೆ ಪ್ಲಾಸ್ಟಿಕ್ ಮೋಲ್ಡಿಂಗಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವ, ಈಗ ಊರಲ್ಲಿ ತೋಟ. ಎರಡು ಪ್ರಶ್ನೆ. ಡ್ರಮ್ಮಿನ ಅಡಿಯಲ್ಲಿ ತ್ರಿಕೋನದೊಳಗೆ ಯಾವ ಅಂಕೆ ಇದೆ? ಹೊರಗೆ ಹಳೆಯ ಲೇಬಲಿನ ತುಂಡೇನಾದರೂ ಉಳಿದಿದೆಯಾ?

ನೀರ್ಚಾಲಿನ ಅಕ್ಕ

ಅಂಕೆ 2. ಲೇಬಲ್ ಹೆಚ್ಚಿನಂಶ ಹರಿದಿದೆ. ಒಂದು ಮೂಲೆಯಲ್ಲಿ ಕೆಂಪು ಗೆರೆಯ ವಜ್ರಾಕಾರದ ಚೌಕ, ಅದರೊಳಗೆ ಬೆಂಕಿಯ ಚಿತ್ರ ಇದೆ.

ಬೈಕಂಪಾಡಿಯಲ್ಲಿ ದುಡಿದವ

ಅಕ್ಕ, ಅದು ಬೇಗ ಬೆಂಕಿ ಹತ್ತುವ ದ್ರವದ ಗುರುತು. ತಿನ್ನರ್, ಅಂಟು, ಯಾವುದೋ ದ್ರಾವಕ ಇದ್ದಿರಬೇಕು. ದಯವಿಟ್ಟು ತಿನ್ನಬೇಡಿ, ದನಕ್ಕೂ ಹಾಕಬೇಡಿ.

2 ಎಂದರೆ ಎಚ್‌ಡಿಪಿಇ, ಗಟ್ಟಿ ಪಾಲಿಥೀನ್. ಪ್ಲಾಸ್ಟಿಕ್ಕಿನ ಮಟ್ಟಿಗೆ ಅದು ಒಳ್ಳೆಯ ಜಾತಿಯೇ. ಮೆದುವಾಗಲಿಕ್ಕೆ ಅದಕ್ಕೆ ಎಣ್ಣೆಯಂಥ ಪದಾರ್ಥ ಬೆರೆಸಬೇಕಿಲ್ಲ, ಹೊಸದರಲ್ಲಿ ಹೆಚ್ಚು ಏನನ್ನೂ ಬಿಡುವುದಿಲ್ಲ. ತೊಂದರೆ ಇರುವುದು ಬೇರೆ ಕಡೆ. ಇದು ದ್ರಾವಕವನ್ನು ಕುಡಿಯುತ್ತದೆ. ತಿಂಗಳುಗಟ್ಟಲೆ ತಿನ್ನರ್ ನಿಂತ ಡ್ರಮ್ಮಿನ ಗೋಡೆಯೊಳಗೇ ತಿನ್ನರ್ ಇಳಿದಿರುತ್ತದೆ. ನೀವು ಸಾಬೂನಿನಲ್ಲಿ ತಿಕ್ಕಿದ್ದು ಬರೇ ಮೇಲ್ಮೈಯನ್ನು. ಬಿಸಿಲಿಗೆ ಹಾಕಿದಾಗ ಮೇಲ್ಪದರದ್ದು ಆರಿತು, ಅದಕ್ಕೇ ನಿಮ್ಮ ಮೂಗಿಗೆ ಸಿಗಲಿಲ್ಲ. ಒಳಪದರದ್ದು ಎರಡು ತಿಂಗಳಲ್ಲಿ ನಿಧಾನಕ್ಕೆ ಹೊರಬಂದು ಸೊಳೆಗೆ ಸೇರಿತು.

ಕುಂಬಳೆಯ ಮಾಷ್ಟ್ರು

ಮೇಲಿನವರು ಹೇಳಿದ್ದು ಸರಿಯಾಗಿದೆ. ಪ್ರೌಢಶಾಲೆಯಲ್ಲಿ ರಸಾಯನ ಪಾಠ ಮಾಡಿ ನಿವೃತ್ತನಾದವನು ನಾನು. ತರಗತಿಯಲ್ಲಿ ಇದನ್ನು ಇಂಗಿನ ಡಬ್ಬಿಯಿಂದ ವಿವರಿಸುತ್ತಿದ್ದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ತಿಂಗಳು ಇಂಗು ಇಟ್ಟು ನೋಡಿ. ಆಮೇಲೆ ಎಷ್ಟು ತೊಳೆದರೂ ಅದರಲ್ಲಿ ಹಾಕಿದ ಸಕ್ಕರೆಗೆ ಇಂಗಿನ ವಾಸನೆ ಬರುತ್ತದೆ. ಗಾಜಿನ ಕುಪ್ಪಿಯಲ್ಲಿ ಇಟ್ಟರೆ ಹಾಗಾಗುವುದಿಲ್ಲ. ಯಾಕೆ?

ಪ್ಲಾಸ್ಟಿಕ್ ನಮ್ಮ ಕಣ್ಣಿಗೆ ಕಲ್ಲಿನಂತೆ ಗಟ್ಟಿ. ಒಳಗೆ ನೋಡಿದರೆ ಅದು ಉದ್ದುದ್ದ ಎಳೆಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡು ಕೂತ ರಾಶಿ, ತೆಂಗಿನ ನಾರಿನ ಉಂಡೆಯ ಹಾಗೆ. ಆ ಎಳೆಗಳು ಸದಾ ಅಲ್ಪಸ್ವಲ್ಪ ಮಿಸುಕುತ್ತಿರುತ್ತವೆ. ನಡುವೆ ಸಂದು ಬಿಟ್ಟಾಗ ಸಣ್ಣ ಅಣುಗಳು ಒಂದು ಸಂದಿನಿಂದ ಇನ್ನೊಂದಕ್ಕೆ ದಾಟುತ್ತವೆ. ಇಂಗು ಒಳಗೆ ಹೋದ ದಾರಿಯಲ್ಲೇ ಹೊರಗೂ ಬರುತ್ತದೆ. ಪ್ಲಾಸ್ಟಿಕ್ ತಯಾರಿಸುವಾಗ ಬೆರೆಸಿದ ಬಣ್ಣ, ಬಿಸಿಲು ತಡೆಯುವ ಪದಾರ್ಥ, ಮೆದು ಮಾಡುವ ಎಣ್ಣೆ, ಪೂರ್ತಿ ಜೋಡಣೆಯಾಗದೆ ಉಳಿದ ಚೂರುಗಳು, ಇವೆಲ್ಲವೂ ಅದೇ ದಾರಿಯಲ್ಲಿ ಊಟಕ್ಕೆ ಬರುತ್ತವೆ.

ಎಷ್ಟು ಬರುತ್ತದೆ ಎನ್ನುವುದಕ್ಕೆ ನಾಲ್ಕು ಸಂಗತಿಗಳನ್ನು ನೋಡಬೇಕು. ಬಿಸಿ ಏರಿದಷ್ಟು ಎಳೆಗಳ ಮಿಸುಕಾಟ ಹೆಚ್ಚು. ಎಣ್ಣೆ ಇದ್ದಷ್ಟು ಸೆಳೆತ ಹೆಚ್ಚು, ಯಾಕೆಂದರೆ ಇಂಥ ಪದಾರ್ಥಗಳಲ್ಲಿ ಬಹುಪಾಲು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ. ಹುಳಿ ಕೆಲವು ಲೋಹಗಳನ್ನೂ ಬಣ್ಣಗಳನ್ನೂ ಬಿಡಿಸುತ್ತದೆ. ಕೊನೆಯದು ಕಾಲ. ಒಂದು ಗಂಟೆ ಇಟ್ಟದ್ದಕ್ಕೂ ಒಂದು ವರ್ಷ ಇಟ್ಟದ್ದಕ್ಕೂ ಅಜಗಜಾಂತರ. ನಿಮ್ಮ ಒಗ್ಗರಣೆಯಲ್ಲಿ ವಾಸನೆ ಎದ್ದದ್ದು ಬಿಸಿ ಮತ್ತು ಎಣ್ಣೆ ಒಟ್ಟಿಗೆ ಸೇರಿದ್ದರಿಂದ.

ಒಂದು ಮಾತು ವಿಶೇಷವಾಗಿ ಹೇಳಬೇಕು. ನಿಮ್ಮ ಮೂಗು ನಿಮ್ಮನ್ನು ಉಳಿಸಿತು, ಎಲ್ಲ ಸಲವೂ ಉಳಿಸುವುದಿಲ್ಲ. ದ್ರಾವಕಕ್ಕೆ ವಾಸನೆ ಇದೆ. ಪಿವಿಸಿಯನ್ನು ಮೆದು ಮಾಡುವ ಥ್ಯಾಲೇಟಿಗೆ ನಮಗೆ ಗೊತ್ತಾಗುವಂಥ ವಾಸನೆಯೂ ಇಲ್ಲ, ರುಚಿಯೂ ಇಲ್ಲ.

ನೀರ್ಚಾಲಿನ ಅಕ್ಕ

ಮಾಷ್ಟ್ರೇ, ಓದಿ ಹೊಟ್ಟೆ ತೊಳಸಿದ ಹಾಗಾಯಿತು. ಪರೀಕ್ಷೆ ಮಾಡಿಸಲು ಆಗುತ್ತದಾ? ಕೋಝಿಕ್ಕೋಡಿನಲ್ಲಿ ಲ್ಯಾಬ್ ಇದೆ ಎಂದು ಯಾರೋ ಹೇಳಿದರು.

ಕುಂಬಳೆಯ ಮಾಷ್ಟ್ರು

ಆಹಾರ ಪರೀಕ್ಷೆಯ ಪ್ರಾದೇಶಿಕ ಪ್ರಯೋಗಾಲಯ ಅಲ್ಲಿದೆ. ಆದರೆ ಏನನ್ನು ಹುಡುಕಬೇಕೆಂದು ನೀವು ಹೇಳಬೇಕಾಗುತ್ತದೆ ಅಕ್ಕ. "ಇದರಲ್ಲಿ ವಿಷ ಇದೆಯಾ" ಎಂದು ಕೇಳಿದರೆ ಯಾವ ಯಂತ್ರವೂ ಉತ್ತರ ಕೊಡುವುದಿಲ್ಲ. ಡ್ರಮ್ಮಿನಲ್ಲಿ ಮೊದಲು ಏನಿತ್ತೆಂದೇ ತಿಳಿಯದಿರುವಾಗ ಆ ಖರ್ಚು ಮಾಡಬೇಡಿ. ಹೊಂಡ ತೆಗೆದು ಹೂಳಿ. ಬಾವಿಯಿಂದ ದೂರ.

ಪಡ್ರೆಯ ಕೃಷಿಕ

ಡ್ರಮ್ಮಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಕಾಸರಗೋಡಿನ ನಮ್ಮೂರಿನವರಿಗೆ ಇದು ಓದಿ ಮರೆಯುವ ವಿಷಯ ಅಲ್ಲ. ಗೇರು ಗುಡ್ಡಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಡುತ್ತಿದ್ದ ಕಾಲದಲ್ಲಿ ನಾನು ಶಾಲೆಗೆ ಹೋಗುತ್ತಿದ್ದವ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, 2000ದವರೆಗೂ ಬಿಟ್ಟರು. "ಬಾವಿ ಮುಚ್ಚಿಡಿ, ಏನೂ ಆಗುವುದಿಲ್ಲ" ಎನ್ನುತ್ತಿದ್ದರು. ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ತಡೆದದ್ದು 2011ರ ಮೇ ತಿಂಗಳಲ್ಲಿ. ಸ್ಟಾಕ್‌ಹೋಂ ಒಪ್ಪಂದದ (ಬೇಗ ಕರಗದ ವಿಷಗಳನ್ನು ತಡೆಯುವ ಜಾಗತಿಕ ಒಪ್ಪಂದ) ಪಟ್ಟಿಗೆ ಸೇರಿದ್ದೂ ಅದೇ ವರ್ಷ. ಅಷ್ಟರಲ್ಲಿ ನಮ್ಮ ಮನೆಗಳಲ್ಲಿ ಆಗಬೇಕಾದ್ದು ಆಗಿ ಹೋಗಿತ್ತು.

ಅದಕ್ಕೇ ಹೇಳುವುದು, ಮದ್ದಿನ (ಕೀಟನಾಶಕ, ಕಳೆನಾಶಕದ) ಕ್ಯಾನನ್ನು ಮನೆಯೊಳಗೆ ತರಲೇಬೇಡಿ. ಈಗಲೂ ನೋಡುತ್ತೇನೆ. ಕಳೆನಾಶಕದ ಐದು ಲೀಟರ್ ಕ್ಯಾನ್ ತೊಳೆದು ಚಿಮಿಣಿಎಣ್ಣೆಗೆ, ಆಮೇಲೆ ಗಾಣಕ್ಕೆ ತೆಂಗಿನೆಣ್ಣೆ ತರಲು. ರಬ್ಬರಿಗೆ ಹಾಕುವ ಆಸಿಡಿನ ಕ್ಯಾನಿನಲ್ಲಿ ಕೂಲಿಯಾಳುಗಳಿಗೆ ಕುಡಿಯುವ ನೀರು. ಹೇಳಿದರೆ "ಹತ್ತು ಸಲ ತೊಳೆದಿದ್ದೇನೆ" ಎನ್ನುತ್ತಾರೆ. ಮದ್ದಿನ ಕ್ಯಾನನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಹಾಕಿ, ಕ್ಯಾನಿಗೆ ತೂತು ಮಾಡಿ ಬಿಡುವುದು ಕ್ರಮ. ತೂತು ಮಾಡುವುದು ಯಾಕೆ ಎಂದರೆ, ಇನ್ನೊಬ್ಬರು ಅದನ್ನು ಎತ್ತಿಕೊಂಡು ಹೋಗಿ ಎಣ್ಣೆ ತುಂಬಿಸಬಾರದು ಎಂದೇ.

ಬೈಕಂಪಾಡಿಯಲ್ಲಿ ದುಡಿದವ

ಪಡ್ರೆಯ ಅಣ್ಣ ಬರೆದದ್ದನ್ನು ಎಲ್ಲರೂ ಎರಡು ಸಲ ಓದಿ. ನೀರಿನಂಥ ಮದ್ದಲ್ಲ ಅದು, ಎಣ್ಣೆಯಲ್ಲಿ ಕರಗಿಸಿದ ಮದ್ದು ಬಹಳ. ಪಾಲಿಥೀನಿನ ಗೋಡೆಗೆ ಇಳಿಯುತ್ತದೆ. ಆಮೇಲೆ ತೆಂಗಿನೆಣ್ಣೆ ತುಂಬಿಸಿದರೆ ಅದನ್ನು ಹೊರಗೆಳೆಯುವ ಕೆಲಸವನ್ನು ಆ ಎಣ್ಣೆಯೇ ಮಾಡುತ್ತದೆ.

ಮಂಜೇಶ್ವರದ ಅಮ್ಮ

ನನ್ನ ಮಗುವಿಗೆ ಏಳು ತಿಂಗಳು. ಬಾಟಲಿಯ ಮೇಲೆ "ಬಿಪಿಎ ಇಲ್ಲ" ಎಂದು ಬರೆದಿದೆ. ಅಷ್ಟು ಸಾಕಾ? ಹಾಲು ಬಿಸಿ ಮಾಡಿಯೇ ಹಾಕುವುದು.

ಮುಳ್ಳೇರಿಯದ ತಂಗಿ

ಅಕ್ಕ, ನಾನು ಮಂಗಳೂರಿನಲ್ಲಿ ರಸಾಯನಶಾಸ್ತ್ರ ಎಂಎಸ್ಸಿ ಓದುತ್ತಿದ್ದೇನೆ. ಈ ವಿಷಯದಲ್ಲಿ ಸೆಮಿನಾರ್ ಮಾಡಿದ್ದೆ, ಅದರಲ್ಲಿ ಓದಿದ್ದನ್ನು ಬರೆಯುತ್ತೇನೆ.

ಬಿಪಿಎ ಅಂದರೆ ಬಿಸ್ಫಿನಾಲ್-ಎ. ಅದು ಪಾಲಿಕಾರ್ಬೊನೇಟ್ ಎಂಬ ಗಾಜಿನಂಥ ಗಟ್ಟಿ ಪ್ಲಾಸ್ಟಿಕ್ಕಿನ ಮೂಲವಸ್ತು. ಡಬ್ಬಿ ಆಹಾರದ ಟಿನ್ನಿನ ಒಳಗೆ ಬಳಿಯುವ ಎಪಾಕ್ಸಿ ಲೇಪದಲ್ಲೂ ಇರುತ್ತದೆ. ಹೆಣ್ಣಿನ ದೇಹದ ಈಸ್ಟ್ರೊಜನ್ ಹಾರ್ಮೋನಿನಂತೆ ಇದು ವರ್ತಿಸುತ್ತದೆ ಎಂದು 1936ರಲ್ಲೇ ಪ್ರಯೋಗದಲ್ಲಿ ಕಂಡಿದ್ದರು. ಅದರಿಂದ ಬಾಟಲಿ ಮಾಡಲು ತೊಡಗಿದ್ದು ಆಮೇಲೆ. ಯುರೋಪು ಮಕ್ಕಳ ಹಾಲಿನ ಬಾಟಲಿಯಲ್ಲಿ 2011ರಲ್ಲಿ ನಿಷೇಧಿಸಿತು. ಅಲ್ಲಿನ ಆಹಾರ ಸುರಕ್ಷಾ ಸಂಸ್ಥೆ 2015ರಲ್ಲಿ ಒಂದು ಕಿಲೋ ದೇಹತೂಕಕ್ಕೆ ದಿನಕ್ಕೆ 4 ಮೈಕ್ರೋಗ್ರಾಂ ತನಕ ತೊಂದರೆಯಿಲ್ಲ ಎಂದಿತ್ತು. 2023ರ ಏಪ್ರಿಲಿನಲ್ಲಿ ಅದೇ ಸಂಸ್ಥೆ ಆ ಮಿತಿಯನ್ನು 0.2 ನ್ಯಾನೋಗ್ರಾಮಿಗೆ ಇಳಿಸಿತು. ಇಪ್ಪತ್ತು ಸಾವಿರ ಪಟ್ಟು ಕಡಿಮೆ. ಜರ್ಮನಿಯ ಸಂಸ್ಥೆ ಇದನ್ನು ಪೂರ್ತಿ ಒಪ್ಪದೆ 200 ನ್ಯಾನೋಗ್ರಾಂ ಎಂದು ತನ್ನದೇ ಲೆಕ್ಕ ಕೊಟ್ಟಿತು. ಅದೂ ಹಳೆಯದಕ್ಕಿಂತ ಇಪ್ಪತ್ತು ಪಟ್ಟು ಕಡಿಮೆಯೇ. ಕೊನೆಗೆ 2025ರ ಜನವರಿಯಿಂದ ಆಹಾರಕ್ಕೆ ತಾಗುವ ವಸ್ತುಗಳಲ್ಲಿ ಯುರೋಪಿನಲ್ಲಿ ಬಿಪಿಎ ನಿಷೇಧ ಜಾರಿಗೆ ಬಂತು, ಉದ್ಯಮಕ್ಕೆ ಬದಲಾಯಿಸಿಕೊಳ್ಳಲು ಒಂದಷ್ಟು ಅವಧಿ ಕೊಟ್ಟು.

ನಿಮ್ಮ ಪ್ರಶ್ನೆಗೆ: "ಬಿಪಿಎ ಇಲ್ಲ" ಎಂದರೆ ಆ ಒಂದು ವಸ್ತು ಇಲ್ಲ ಎಂದು ಮಾತ್ರ. ಕೆಲವು ಕಡೆ ಅದರ ಬದಲು ಅದರ ಅಣ್ಣತಮ್ಮಂದಿರಂಥ ಬಿಸ್ಫಿನಾಲ್-ಎಸ್ ಬಳಸುತ್ತಾರೆ. ಈಗಿನ ಹಾಲಿನ ಬಾಟಲಿಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್, ಅಂಕೆ 5. ಅದರಲ್ಲಿ ಬಿಸ್ಫಿನಾಲ್ ಬಳಕೆಯೇ ಇಲ್ಲ. ಆದರೂ ಹಾಲನ್ನು ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ, ಕುಡಿಸುವಷ್ಟು ಬಿಸಿಗೆ ಆರಿದ ಮೇಲೆ ಬಾಟಲಿಗೆ ಹಾಕಿ. ಕುದಿಯುವ ಹಾಲು ಹಾಕಿ ಕುಲುಕುವುದು ಬೇಡ. ಗಾಜಿನ ಬಾಟಲಿ ಸಿಕ್ಕಿದರೆ ಇನ್ನೂ ಒಳ್ಳೆಯದು.

ಮಂಜೇಶ್ವರದ ಅಮ್ಮ

ತುಂಬಾ ಉಪಕಾರ ತಂಗಿ. ಇವತ್ತಿನಿಂದ ಲೋಟ ಚಮಚದಲ್ಲೇ ಕುಡಿಸಲು ನೋಡುತ್ತೇನೆ. ನನ್ನ ಅಮ್ಮ ಮೊದಲ ದಿನದಿಂದಲೂ ಅದನ್ನೇ ಹೇಳುತ್ತಿದ್ದರು.

ಉಪ್ಪಳದ ಹೋಟೆಲಿನವ

ಇಲ್ಲಿ ಹೋಟೆಲಿನವರು ಯಾರೂ ಮಾತಾಡಿಲ್ಲ, ನಾನು ಮಾತಾಡುತ್ತೇನೆ. ನಮ್ಮದು ಸಣ್ಣ ಹೋಟೆಲು. ಬೆಳಿಗ್ಗೆ ಏಳಕ್ಕೆ ಪಾರ್ಸೆಲಿಗೆ ಜನ ನಿಲ್ಲುತ್ತಾರೆ. ಒಲೆಯಿಂದ ಇಳಿಸಿದ ಸಾಂಬಾರನ್ನು ತೊಟ್ಟೆಗೆ (ಪ್ಲಾಸ್ಟಿಕ್ ಚೀಲಕ್ಕೆ) ಹಾಕಿ ಕಟ್ಟಿ ಕೊಡುತ್ತಿದ್ದೆವು. ತೊಟ್ಟೆ ಬಲೂನಿನಂತೆ ಉಬ್ಬಿ ಮೆತ್ತಗಾಗುವುದನ್ನು ನಾನೇ ದಿನಾ ನೋಡಿದ್ದೇನೆ. ಸಾಂಬಾರಲ್ಲಿ ಬಿಸಿ ಇದೆ, ಎಣ್ಣೆ ಇದೆ, ಹುಳಿ ಇದೆ. ಮಾಷ್ಟ್ರು ಹೇಳಿದ ನಾಲ್ಕರಲ್ಲಿ ಮೂರು.

ಗಡಿಯ ಆ ಕಡೆ ಕರ್ನಾಟಕದಲ್ಲಿ 2025ರ ಫೆಬ್ರವರಿಯಲ್ಲಿ ಇಡ್ಲಿ ಸುದ್ದಿ ಬಂದದ್ದು ನಿಮಗೆ ನೆನಪಿರಬಹುದು. 251 ಕಡೆ ತಪಾಸಣೆ ಮಾಡಿದಾಗ 52 ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಕಿ ಇಡ್ಲಿ ಬೇಯಿಸುತ್ತಿದ್ದರಂತೆ. ಹಬೆಯಲ್ಲಿ, ನೂರು ಡಿಗ್ರಿಯ ಹತ್ತಿರ, ಹಿಟ್ಟಿಗೆ ಅಂಟಿಕೊಂಡೇ. ಸರಕಾರ ತಡೆಯಿತು, ಒಳ್ಳೆಯದೇ ಆಯಿತು. ಆ ದಿನ ನನ್ನ ಹೆಂಡತಿ ಕೇಳಿದಳು, "ಇಡ್ಲಿಗೆ ಪ್ಲಾಸ್ಟಿಕ್ ಹಾಕುವವರು ತಪ್ಪು ಮಾಡಿದರೆ ತೊಟ್ಟೆಗೆ ಸಾಂಬಾರು ಹಾಕುವ ನಾವು?" ನನ್ನಲ್ಲಿ ಉತ್ತರ ಇರಲಿಲ್ಲ.

ಈಗ ಪಾತ್ರೆ ತಂದವರಿಗೆ ಒಂದು ಸೌಟು ಜಾಸ್ತಿ ಸಾಂಬಾರು ಕೊಡುತ್ತೇವೆ. ಹಳೆಯ ಗಿರಾಕಿಗಳು ತೂಕುಪಾತ್ರೆ ತರಲು ಸುರು ಮಾಡಿದ್ದಾರೆ. ದಾರಿಹೋಕರಿಗೆ ಏನು ಮಾಡುವುದೆಂದು ಇನ್ನೂ ದಾರಿ ಕಂಡಿಲ್ಲ. ಪೇಪರ್ ಕಪ್ಪಿಗೆ ಬದಲಾಯಿಸೋಣ ಎಂದರೆ ಅದರೊಳಗೂ ಪ್ಲಾಸ್ಟಿಕ್ ಇದೆ ಎನ್ನುತ್ತಾರೆ. ನಿಜವಾ?

ಮುಳ್ಳೇರಿಯದ ತಂಗಿ

ನಿಜ ಅಣ್ಣ. ಕಾಗದ ಒದ್ದೆಯಾಗಬಾರದೆಂದು ಒಳಗೆ ಪಾಲಿಥೀನಿನ ತೆಳು ಪದರ ಇರುತ್ತದೆ. ಖರಗಪುರದ ಐಐಟಿಯವರು 85ರಿಂದ 90 ಡಿಗ್ರಿಯ ಬಿಸಿನೀರನ್ನು 15 ನಿಮಿಷ ಇಟ್ಟು ನೋಡಿದರು. 100 ಮಿಲಿ ನೀರಿಗೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣ ಬಿಟ್ಟಿತ್ತು. ದಿನಕ್ಕೆ ಮೂರು ಚಾ ಕುಡಿದರೆ 75,000. ಕಣಗಳು ದೇಹದಲ್ಲಿ ಏನು ಮಾಡುತ್ತವೆ ಎನ್ನುವುದು ಇನ್ನೂ ಪರೀಕ್ಷೆಯಲ್ಲಿರುವ ವಿಷಯ. ಚಾ ಮಾತ್ರ ಗಾಜಿನ ಲೋಟದಲ್ಲೇ ಕೊಡಿ.

ಪೆರ್ಲದ ಅಡಿಗೆಯವ

ಹೋಟೆಲಿನ ಅಣ್ಣ ಒಪ್ಪಿಕೊಂಡ ಹಾಗೆ ನಾನೂ ಒಪ್ಪಿಕೊಳ್ಳಬೇಕು. ಮೊದಲೆಲ್ಲ ದೊಡ್ಡ ಜಂಬಾರಕ್ಕೆ ಅನ್ನ ಬಸಿದು ಓಲೆಯ ಚಾಪೆಯ ಮೇಲೆ ಬಾಳೆಲೆ ಹಾಸಿ ರಾಶಿ ಹಾಕುತ್ತಿದ್ದೆವು. ಈಗ ನೀಲಿ ಟರ್ಪಾಲು ಹಾಸಿ ಅದರ ಮೇಲೆ ಹಬೆಯಾಡುವ ಅನ್ನ ಸುರಿಯುವುದು ನಡೆದಿದೆ. ಬಡಿಸಲು ಪ್ಲಾಸ್ಟಿಕ್ ಬಕೆಟು. ಹಗುರ, ಕೈ ಸುಡುವುದಿಲ್ಲ, ಹುಡುಗರಿಗೆ ಸುಲಭ. ಮೊನ್ನೆ ಒಂದು ಉಪನಯನದಲ್ಲಿ ಬಾಳೆಲೆಯ ಚಿತ್ರ ಮುದ್ರಿಸಿದ ಪ್ಲಾಸ್ಟಿಕ್ ಲೇಪದ ಕಾಗದದ ಎಲೆ ಹಾಕಿದ್ದರು, ಕೊಟ್ಟಿಗೆಯ ಆಚೆ ಬಾಳೆ ಸಾಲಾಗಿ ನಿಂತಿತ್ತು. ನೋಡಿ ನನಗೆ ತುಂಬಾ ಸಂಕಟವಾಯಿತು. ಬಿಸಿ ಕೊದಿಲು (ಸಾಂಬಾರು) ಆ ಚಿತ್ರದ ಮೇಲೆ ಬಿದ್ದಾಗ ಹಸಿರು ಬಣ್ಣ ಎಲ್ಲಿಗೆ ಹೋಗುತ್ತದೆ ಮಾಷ್ಟ್ರೇ?

ಕುಂಬಳೆಯ ಮಾಷ್ಟ್ರು

ಲೇಪದ ಅಡಿಯಲ್ಲಿ ಮುದ್ರಿಸಿದ್ದರೂ ಶಾಯಿಯ ಸಣ್ಣ ಅಣುಗಳು ತೆಳು ಪದರವನ್ನು ದಾಟಬಲ್ಲವು. 2005ರಲ್ಲಿ ಇಟಲಿಯಲ್ಲಿ ಮಕ್ಕಳ ಹಾಲಿನ ಪೊಟ್ಟಣಗಳನ್ನು ದೊಡ್ಡ ಪ್ರಮಾಣದಲ್ಲಿ ಹಿಂದೆ ತರಿಸಿಕೊಂಡದ್ದು ಇದೇ ಕಾರಣಕ್ಕೆ. ಶಾಯಿ ಇದ್ದದ್ದು ಪೊಟ್ಟಣದ ಹೊರಗೆ. ಮುದ್ರಿಸಿದ ಹಾಳೆಯನ್ನು ಸುರುಳಿ ಸುತ್ತಿಡುವಾಗ ಹೊರಮೈಯ ಶಾಯಿ ಒಳಮೈಗೆ ತಾಗಿ ಅಂಟಿ, ಅಲ್ಲಿಂದ ಹಾಲಿಗೆ ಬಂದಿತ್ತು. ವೃತ್ತಪತ್ರಿಕೆಯಲ್ಲಿ ಬಜ್ಜಿ ಕಟ್ಟಬಾರದು ಎಂದು ನಮ್ಮ 2018ರ ಪ್ಯಾಕೇಜಿಂಗ್ ನಿಯಮ ಹೇಳುವುದೂ ಶಾಯಿಯ ಕಾರಣಕ್ಕೇ.

ಟರ್ಪಾಲಿನದ್ದು ಇನ್ನೂ ಕೆಟ್ಟದು. ಅದನ್ನು ಮಳೆ ಬಿಸಿಲು ತಡೆಯಲೆಂದು ಮಾಡಿದ್ದಾರೆ, ಅನ್ನಕ್ಕೆಂದು ಮಾಡಿಲ್ಲ. ಅದರ ಬಣ್ಣಕ್ಕೆ, ಅದರ ಮದ್ದಿಗೆ ಆಹಾರದ ನಿಯಮ ಯಾವುದೂ ಅನ್ವಯಿಸುವುದಿಲ್ಲ.

ಪೆರಡಾಲದ ಇಂಜಿನಿಯರ್

ಎಲ್ಲ ಓದಿದೆ. ಒಪ್ಪುತ್ತೇನೆ. ಆದರೆ ಹೆದರಿಕೆಯ ಜೊತೆಗೆ ಸುಳ್ಳೂ ಹರಡುತ್ತದೆ, ಅದನ್ನು ತಡೆಯಬೇಕು ಎಂಬುದು ನನ್ನ ಕಳಕಳಿ. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ಬೇಸಿಗೆಗೂ ಬರುವ ಸಂದೇಶ: "ಪ್ಲಾಸ್ಟಿಕ್ ಬಾಟಲಿಯ ನೀರನ್ನು ಫ್ರೀಜರಿನಲ್ಲಿಟ್ಟರೆ ಡಯಾಕ್ಸಿನ್ ಬಿಡುತ್ತದೆ, ಕ್ಯಾನ್ಸರ್ ಬರುತ್ತದೆ." ಇದು ಸುಳ್ಳು. ತಂಪಿನಲ್ಲಿ ಅಣುಗಳ ಓಡಾಟ ಇನ್ನಷ್ಟು ನಿಧಾನವಾಗುತ್ತದೆ. ಡಯಾಕ್ಸಿನ್ ಎಂಬ ವಿಷ ಹುಟ್ಟಲು ಕ್ಲೋರಿನ್ ಬೇಕು, ಬೆಂಕಿಯ ಶಾಖ ಬೇಕು. ನಿಜವಾಗಿ ಅದು ಹುಟ್ಟುವ ಜಾಗ ನಮ್ಮ ಬಚ್ಚಲಿನ ಒಲೆ. ಪಿವಿಸಿ ಪೈಪಿನ ತುಂಡು, ಹಳೆ ವಯರು, ತೊಟ್ಟೆ ಎಲ್ಲ ಸೇರಿಸಿ ಒಲೆಗೆ ತುರುಕುತ್ತೇವಲ್ಲ, ಅಲ್ಲಿ. ಆ ಹೊಗೆ ಅಂಗಳದ ಸೊಪ್ಪಿನ ಮೇಲೂ ಕೂರುತ್ತದೆ. ಫ್ರೀಜರಿನ ಭಯ ಬಿಟ್ಟು ಒಲೆಯ ಭಯ ಹರಡಿದರೆ ಉಪಕಾರವಾದೀತು.

ಇನ್ನೊಂದು. 2024ರಲ್ಲಿ ಕಪ್ಪು ಪ್ಲಾಸ್ಟಿಕ್ ಸೌಟುಗಳ ಬಗ್ಗೆ ಅಮೆರಿಕದ ಒಂದು ಅಧ್ಯಯನ ದೊಡ್ಡ ಸುದ್ದಿಯಾಯಿತು. ಟಿವಿ, ಕಂಪ್ಯೂಟರಿನ ಹಳೆ ಕವಚ ಕರಗಿಸಿ ಮಾಡಿದ ಸೌಟಿನಲ್ಲಿ ಬೆಂಕಿ ತಡೆಯುವ ರಾಸಾಯನಿಕ ಇದೆ ಎಂದು. ಅದು ಇದ್ದದ್ದು ನಿಜ. ಆದರೆ ಸುರಕ್ಷಿತ ಮಿತಿಯ ಲೆಕ್ಕದಲ್ಲಿ 7,000ವನ್ನು 60ರಿಂದ ಗುಣಿಸುವಾಗ 4,20,000ದ ಬದಲು 42,000 ಬರೆದಿದ್ದರು. ಒಂದು ಸೊನ್ನೆ ತಪ್ಪಿ ಅಪಾಯ ಹತ್ತು ಪಟ್ಟು ದೊಡ್ಡದಾಗಿ ಕಂಡಿತು. ಆಮೇಲೆ ತಿದ್ದುಪಡಿ ಬಂತು, ಅದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

ಪಡ್ರೆಯ ಕೃಷಿಕ

ಇಂಜಿನಿಯರರೇ, ಲೆಕ್ಕ ತಪ್ಪಬಾರದು, ಒಪ್ಪಿದೆ. ಆದರೆ ನಮ್ಮೂರಲ್ಲಿ ಲೆಕ್ಕ ಸರಿ ಇದೆ, ಮಿತಿಯೊಳಗಿದೆ ಎಂದವರನ್ನೂ ನೋಡಿದ್ದೇವೆ. ಮಿತಿ ಎಂದರೆ ಏನು, ಅದನ್ನು ಯಾರು ಹೇಗೆ ಅಳೆಯುತ್ತಾರೆ ಎಂದು ಯಾರಾದರೂ ಸರಿಯಾಗಿ ಹೇಳಿದರೆ ನಂಬಬಹುದು.

ಬೈಕಂಪಾಡಿಯಲ್ಲಿ ದುಡಿದವ

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ, ಹೇಳುತ್ತೇನೆ. ಆಹಾರದ ಡಬ್ಬಿಯ ತುಂಡನ್ನು ಲ್ಯಾಬಿನಲ್ಲಿ ಆಹಾರದ ಬದಲು ನಿಲ್ಲುವ ದ್ರವದಲ್ಲಿ ಮುಳುಗಿಸುತ್ತಾರೆ. ನೀರಿನಂಥ ಆಹಾರಕ್ಕೆ ಬಟ್ಟಿ ಇಳಿಸಿದ ನೀರು, ಹುಳಿಗೆ 3 ಶೇಕಡ ಅಸೆಟಿಕ್ ಆಮ್ಲ, ಎಣ್ಣೆಗೆ ಹೆಪ್ಟೇನ್ ಎಂಬ ದ್ರಾವಕ. ದೀರ್ಘಕಾಲ ಇಡುವ ಪದಾರ್ಥಕ್ಕಾದರೆ ನೀರಿನಲ್ಲೂ ಆಮ್ಲದಲ್ಲೂ 40 ಡಿಗ್ರಿಯಲ್ಲಿ 10 ದಿನ. ಆಮೇಲೆ ದ್ರವವನ್ನು ಆರಿಸಿ, ತಳದಲ್ಲಿ ಉಳಿದದ್ದನ್ನು ತೂಗುತ್ತಾರೆ. ಒಂದು ಕಿಲೋ ಆಹಾರಕ್ಕೆ 60 ಮಿಲಿಗ್ರಾಂ, ಇಲ್ಲವೇ ಒಂದು ಚದರ ಡೆಸಿಮೀಟರಿಗೆ 10 ಮಿಲಿಗ್ರಾಂ ದಾಟಬಾರದು. ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಬರುವುದನ್ನು ವಲಸೆ ಎನ್ನುತ್ತಾರೆ, ಇದೇ ಒಟ್ಟು ವಲಸೆಯ ಮಿತಿ.

ಇದರಲ್ಲಿ ಎರಡು ಕೊರತೆ ನನಗೆ ಕಾಣುತ್ತದೆ. ಒಂದು, ತೂಕ ನೋಡುತ್ತಾರೆ, ಬಂದದ್ದು ಏನೆಂದು ಈ ಪರೀಕ್ಷೆ ಹೇಳುವುದಿಲ್ಲ. ಅದಕ್ಕೆ ಆಂಟಿಮನಿ ಲೋಹ, ಥ್ಯಾಲೇಟ್ ಮುಂತಾದ ಕೆಲವಕ್ಕೆ ಬೇರೆ ಮಿತಿ ಇಟ್ಟಿದ್ದಾರೆ. ಎರಡು, ಪರೀಕ್ಷೆ ಆಗುವುದು ಹೊಸ ಡಬ್ಬಿಗೆ, ಅದಕ್ಕೆಂದೇ ಹೇಳಿದ ಬಳಕೆಗೆ. ನೀರು ತುಂಬಿಸಲೆಂದು ಪಾಸಾದ ಬಾಟಲಿಗೆ ನೀವು ಬಿಸಿ ತೆಂಗಿನೆಣ್ಣೆ ತುಂಬಿಸಿ ಎರಡು ವರ್ಷ ಇಟ್ಟರೆ ಆ ಸರ್ಟಿಫಿಕೇಟು ನಿಮ್ಮ ರಕ್ಷಣೆಗೆ ಬರುವುದಿಲ್ಲ. ಅಡಿಯಲ್ಲಿರುವ 1ರಿಂದ 7ರ ಅಂಕೆಯೂ ಪ್ಲಾಸ್ಟಿಕ್ಕಿನ ಜಾತಿ ಹೇಳುತ್ತದೆ, ಸುರಕ್ಷೆ ಹೇಳುವುದಿಲ್ಲ. ಲೋಟ ಮತ್ತು ಫೋರ್ಕಿನ ಚಿತ್ರ ಇದ್ದರೆ ಅದು ಆಹಾರಕ್ಕೆಂದು ಮಾಡಿದ್ದು.

ಪಡ್ರೆಯ ಕೃಷಿಕ

ಈಗ ತಿಳಿಯಿತು. ಹೀಗೆ ಬಿಡಿಸಿ ಹೇಳಿದ್ದಕ್ಕೆ ಕೃತಜ್ಞ.

ಮುಳ್ಳೇರಿಯದ ತಂಗಿ

ಬಿಸಿಲಲ್ಲಿಟ್ಟ ಬಾಟಲಿ ನೀರಿನ ಬಗ್ಗೆ ಒಂದು ಅಳತೆ ಹೇಳಿ ಬಿಡುತ್ತೇನೆ, ಹೆದರಿಕೆಗೂ ಉದಾಸೀನಕ್ಕೂ ನಡುವೆ ಎಲ್ಲಿ ನಿಲ್ಲಬೇಕೆಂದು ನನಗೆ ಅದರಿಂದ ಗೊತ್ತಾಯಿತು. ನೀರಿನ ಬಾಟಲಿ ಪೆಟ್, ಅಂಕೆ 1. ಅದನ್ನು ತಯಾರಿಸಲು ಆಂಟಿಮನಿ ಎಂಬ ಲೋಹದ ಸಂಯುಕ್ತ ಬಳಸುತ್ತಾರೆ, ಸ್ವಲ್ಪ ಅದರೊಳಗೇ ಉಳಿಯುತ್ತದೆ. ಅಮೆರಿಕದ ಅರಿಜೋನಾದಲ್ಲಿ 2008ರಲ್ಲಿ ಅಳೆದು ನೋಡಿದರು. ಅಲ್ಲಿನ ಕುಡಿಯುವ ನೀರಿನ ಮಿತಿ ಲೀಟರಿಗೆ 6 ಮೈಕ್ರೋಗ್ರಾಂ. ಸಾಮಾನ್ಯ ಕೋಣೆಯ ಶಾಖದಲ್ಲಿ ಅದರ ಹತ್ತಿರವೂ ಹೋಗಲಿಲ್ಲ. 60 ಡಿಗ್ರಿಯಲ್ಲಿ ಮಿತಿ ದಾಟಲು 176 ದಿನ ಬೇಕಾಯಿತು. 70ರಲ್ಲಿ 12 ದಿನ. 85ರಲ್ಲಿ ಬರೇ 1.3 ದಿನ. ಕಾರಿನಲ್ಲಿ ಒಂದು ಮಧ್ಯಾಹ್ನ ಉಳಿದ ಬಾಟಲಿಯಿಂದ ಆಂಟಿಮನಿಯ ಮಟ್ಟಿಗೆ ಭಯವಿಲ್ಲ. ಅಂಗಡಿಯ ಎದುರು ಏಪ್ರಿಲಿನ ಬಿಸಿಲಿಗೆ ವಾರಗಟ್ಟಲೆ ಪೇರಿಸಿಟ್ಟ ಪೆಟ್ಟಿಗೆಯ ನೀರನ್ನು ನಾನು ತೆಗೆದುಕೊಳ್ಳುವುದಿಲ್ಲ. ಅದೇ ಬಾಟಲಿಗೆ ಕುದಿಯುವ ಜೀರಿಗೆ ನೀರು ಹಾಕುವುದಂತೂ ಬೇಡವೇ ಬೇಡ. ಹಾಕಿದರೆ ಬಾಟಲಿ ಸೊಟ್ಟಗಾಗುತ್ತದಲ್ಲ, ಎಳೆಗಳು ಸಡಿಲಾಗಿವೆ ಎನ್ನುವುದಕ್ಕೆ ಅದೇ ಗುರುತು.

ಉಪ್ಪಳದ ಹೋಟೆಲಿನವ

ನಮ್ಮಲ್ಲಿ ನೀರಿನ ಪೆಟ್ಟಿಗೆ ಜಗಲಿಯಲ್ಲಿ ಬಿಸಿಲಿಗೇ ಇತ್ತು. ಇವತ್ತು ಒಳಗಿಟ್ಟೆ.

ನೀರ್ಚಾಲಿನ ಅಕ್ಕ

ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ಸೊಳೆಯನ್ನು ಗುಡ್ಡದ ಬದಿಗೆ ಹೊಂಡ ತೆಗೆದು ಹೂಳಿದೆವು. ಮಾವನವರಿಗೆ ಮಾಷ್ಟ್ರ ಇಂಗಿನ ಡಬ್ಬಿಯ ಮಾತು ಓದಿ ಹೇಳಿದೆ. ಏನೂ ಹೇಳಲಿಲ್ಲ, ತಾವೇ ಹಾರೆ ಹಿಡಿದುಕೊಂಡು ಬಂದರು. ಡ್ರಮ್ಮಿನ ಮೇಲೆ ಕೆಂಪು ಪೈಂಟಿನಲ್ಲಿ "ಮೈಲುತುತ್ತು" ಎಂದು ಬರೆದು ತೋಟದ ಶೆಡ್ಡಿಗೆ ಹಾಕಿದ್ದೇವೆ. ಇನ್ನು ಅದಕ್ಕೆ ಬೋರ್ಡೋ ದ್ರಾವಣದ (ಮೈಲುತುತ್ತಿನಿಂದ ಮಾಡುವ ತೋಟದ ಮದ್ದು) ಕೆಲಸ ಮಾತ್ರ.

ಅಟ್ಟದಲ್ಲಿ ಅತ್ತೆಯ ಅತ್ತೆಯ ಕಾಲದ ದೊಡ್ಡ ಭರಣಿ ಎರಡು ಸಿಕ್ಕಿದವು. ಒಂದು ಮೇಲೆ ಕಂದು, ಕೆಳಗೆ ಬಿಳಿ ಬಣ್ಣದ್ದು. ಇನ್ನೊಂದು ಹಸಿರು ಹೊಳಪಿನದು, ಒಳಗೆ ಸಣ್ಣ ಸಣ್ಣ ಬಿರುಕಿನ ಗೆರೆ ಇದೆ. ಮುಂದಿನ ವರ್ಷಕ್ಕೆ ಇವನ್ನೇ ಬಳಸಬಹುದಲ್ಲ? ಉಪ್ಪಿನಕಾಯಿಗೆ ಗಾಜಿನ ಕುಪ್ಪಿಯೂ ಇದೆ.

ಬೈಕಂಪಾಡಿಯಲ್ಲಿ ದುಡಿದವ

ಗಾಜಿನ ಕುಪ್ಪಿಗೆ ಒಂದು ಸಣ್ಣ ಎಚ್ಚರ ಅಕ್ಕ. ತಗಡಿನ ಮುಚ್ಚಳದ ಒಳಗೆ ಮೆತ್ತಗಿನ ಬಿಳಿ ಬಳೆಯಂಥದ್ದು ಇರುತ್ತದೆ, ಅದು ಹೆಚ್ಚಾಗಿ ಪಿವಿಸಿ, ಮೆದು ಮಾಡುವ ಎಣ್ಣೆ ಬೆರೆಸಿದ್ದು. ಉಪ್ಪಿನಕಾಯಿಯ ಎಣ್ಣೆ ಅದಕ್ಕೆ ತಾಗದಂತೆ ಕುಪ್ಪಿಯನ್ನು ನೆಟ್ಟಗೆ ಇಡಿ, ಕಂಠದ ತನಕ ತುಂಬಿಸಬೇಡಿ.

ಕುಂಬಳೆಯ ಮಾಷ್ಟ್ರು

ಕಂದು-ಬಿಳಿ ಭರಣಿ ಹೆಚ್ಚಿನ ಶಾಖದಲ್ಲಿ ಸುಟ್ಟ ಗಟ್ಟಿ ಮಣ್ಣಿನದು. ಒಳಗೆ ಬಿರುಕಿಲ್ಲದಿದ್ದರೆ ಧೈರ್ಯವಾಗಿ ಬಳಸಿ. ಹಸಿರಿನದ್ದನ್ನು ಹುಳಿಗೂ ಉಪ್ಪಿಗೂ ಬಳಸಬೇಡಿ ಅಕ್ಕ. ಹಳೆಯ ಕಾಲದಲ್ಲಿ ಕಡಿಮೆ ಶಾಖದಲ್ಲಿ ಸುಟ್ಟು ಹೊಳಪು ಬರಿಸಲು ಸೀಸ ಬೆರೆಸುವ ಕ್ರಮ ಇತ್ತು. ಹೊಳಪಿನಲ್ಲಿ ಬಿರುಕು ಬಿಟ್ಟರೆ ಹುಳಿ ಒಳಗಿಳಿದು ಸೀಸವನ್ನು ಬಿಡಿಸುತ್ತದೆ. ನಿಮ್ಮದರಲ್ಲಿ ಸೀಸ ಇದೆ ಎಂದು ನೋಡದೆ ನಾನು ಹೇಳಲಾರೆ, ಆದರೆ ಮಕ್ಕಳಿರುವ ಮನೆ. ಅದರಲ್ಲಿ ಒಣ ಪದಾರ್ಥವೂ ಬೇಡ, ಜಗಲಿಯಲ್ಲಿ ಚೆಂದಕ್ಕೆ ಇಡಿ.

ನೀರ್ಚಾಲಿನ ಅಕ್ಕ

ಸರಿ ಮಾಷ್ಟ್ರೇ. ಅತ್ತೆ ಈಗಷ್ಟೇ ಕಂದು ಭರಣಿಗೆ ಬಿಸಿನೀರು ತುಂಬಿಸಿ ಅಂಗಳಕ್ಕೆ ತಂದಿಟ್ಟಿದ್ದಾರೆ. ಒಳಗೆ ಕೈ ಹಾಕಿ ಸುತ್ತಲೂ ಸವರಿ ನೋಡಿದರು. ಬಿರುಕಿಲ್ಲ.